ಹೆಸರು ಉಳಿಸುವ ಕೆಲಸ

ಚಿತ್ರ ಉಳಿದರೆ ಸಾಲದು. ಅದನ್ನು ಬರೆದವರ ಹೆಸರೂ ಉಳಿಯಬೇಕು. ಹದಿನೇಳನೆಯ ಶತಮಾನದ ಡಚ್ ಕಲಾವಿದೆ ಜೂಡಿತ್ ಲೈಸ್ಟರಳಿಗೆ ಆ ಭಾಗ್ಯ ಬಹುಕಾಲ ದೊರೆಯಲಿಲ್ಲ. ೧೬೬೦ರಲ್ಲಿ ಆಕೆ ತೀರಿಕೊಂಡ ಮೇಲೆ ಆಕೆಯ ಕೃತಿಗಳು ಫ್ರಾನ್ಸ್ ಹಾಲ್ಸ್ ಮೊದಲಾದವರ ಹೆಸರಿನಲ್ಲಿ ಸಂಚರಿಸಿದುವು. ೧೮೯೩ರಲ್ಲಿ, ಹಾಲ್ಸನದೆಂದು ಮಾರಾಟವಾಗಿದ್ದ ಚಿತ್ರವೊಂದರಲ್ಲಿ ಆಕೆಯ ನಕ್ಷತ್ರದ ರುಜುವನ್ನು ವಿದ್ವಾಂಸನೊಬ್ಬನು ಗುರುತಿಸಿದಾಗ ನಿಜ ಹೊರಬಿದ್ದಿತು. ಲೈಸ್ಟರ್ ಎಂದರೆ ದಾರಿ ತೋರುವ ತಾರೆ ಎಂದರ್ಥ!

ಇಂದು ಕಲಾವಿದರ ವಿಷಯ ತಿಳಿಯಬಯಸುವವರಲ್ಲಿ ಅನೇಕರು ಮೊದಲು ತೆರೆಯುವುದು ವಿಕಿಪೀಡಿಯವೆಂಬ ಅಂತರ್ಜಾಲದ ವಿಶ್ವಕೋಶವನ್ನು. ಅದರಲ್ಲಿ ಯಾರು ಬೇಕಾದರೂ ಬರೆಯಬಹುದು. ಆದರೂ ೨೦೧೧ರ ಸಮೀಕ್ಷೆಯೊಂದರಂತೆ, ಬರೆಯುವವರಲ್ಲಿ ನೂರಕ್ಕೆ ಹತ್ತು ಮಂದಿ ಹೆಂಗಸರೂ ಇರಲಿಲ್ಲ. ಬಾಗಿಲೇನೋ ತೆರೆದಿತ್ತು, ಒಳಗೆ ಬಂದವರು ಮಾತ್ರ ಬಹುಪಾಲು ಗಂಡಸರೇ.

ಈ ಕೊರತೆಯನ್ನು ನೀಗಲೆಂದು ೨೦೧೪ರಲ್ಲಿ ನ್ಯೂಯಾರ್ಕಿನಲ್ಲಿ 'ಆರ್ಟ್ + ಫೆಮಿನಿಸಂ' ಎಂಬ ಕಾರ್ಯ ಆರಂಭವಾಯಿತು. ಹುಟ್ಟುಹಾಕಿದವರಲ್ಲಿ ಗ್ರಂಥಪಾಲಕಿಯೊಬ್ಬರೂ ಇದ್ದರು. ಅನಂತರ ಹಲವು ದೇಶಗಳ ಪುಸ್ತಕಾಲಯ, ವಸ್ತುಸಂಗ್ರಹಾಲಯ, ಕಾಲೇಜುಗಳಲ್ಲಿ, ಹೆಚ್ಚಾಗಿ ಮಾರ್ಚ್ ತಿಂಗಳಿನಲ್ಲಿ, ಜನ ಒಟ್ಟಾಗಿ ಕುಳಿತು ಕಲಾವಿದೆಯರನ್ನು ಕುರಿತು ಬರೆಯತೊಡಗಿದರು.

ಮನೆಯಲ್ಲೇ ಕುಳಿತು ಬರೆಯಬಹುದಾದದ್ದಕ್ಕೆ ಪುಸ್ತಕಾಲಯವೇಕೆ? ಈ ವಿಶ್ವಕೋಶದಲ್ಲಿ ಬರಿಯ ಬಾಯಿಮಾತು ಸಲ್ಲದು. ಹೇಳಿದ್ದಕ್ಕೆ ಆಧಾರ ಬೇಕು. ಕಲಾವಿದೆಯರ ಆಧಾರಗಳೋ ಹಳೆಯ ಪ್ರದರ್ಶನಗಳ ಪುಸ್ತಿಕೆಗಳಲ್ಲಿ, ಹಳದಿಯಾದ ಪತ್ರಿಕೆಗಳಲ್ಲಿ ಅಡಗಿರುತ್ತವೆ. ಗ್ರಂಥಪಾಲಕಿ ಅವನ್ನು ಕಪಾಟಿನಿಂದ ತಂದು ಮೇಜಿನ ಮೇಲಿಡುತ್ತಾಳೆ. ಅನುಭವಸ್ಥರು ಹೊಸಬರಿಗೆ ಅಡಿಟಿಪ್ಪಣಿ ಹಾಕುವುದನ್ನು ಕಲಿಸುತ್ತಾರೆ. ಕೆಲವೆಡೆ ತಾಯಂದಿರು ನಿಶ್ಚಿಂತೆಯಿಂದ ಬರೆಯಲೆಂದು ಮಕ್ಕಳನ್ನು ನೋಡಿಕೊಳ್ಳುವ ಏರ್ಪಾಡೂ ಉಂಟು. ಸಂಜೆಯ ಹೊತ್ತಿಗೆ ನಾಲ್ಕು ವಾಕ್ಯ, ನಾಲ್ಕು ಅಡಿಟಿಪ್ಪಣಿ ಸಿದ್ಧವಾದರೂ ದಿನ ಸಾರ್ಥಕವೇ.

ಆದರೆ ಆಧಾರವೇ ಇಲ್ಲದಿದ್ದರೆ? ಅಂಥ ಲೇಖನವನ್ನು ತೆಗೆದುಹಾಕಬಹುದು. ನಿಯಮ ಅನ್ಯಾಯದ್ದಲ್ಲ, ಅದಿಲ್ಲದಿದ್ದರೆ ಹೊಗಳಿಕೆಯೂ ಕಟ್ಟುಕಥೆಯೂ ತುಂಬಿಹೋದಾವು. ಆದರೂ ಅಂದಿನ ವಿಮರ್ಶಕರು ಬರೆಯದೆ ಬಿಟ್ಟವಳನ್ನು ಇಂದಿನ ವಿಶ್ವಕೋಶವೂ ಬಿಡಬೇಕಾಗುತ್ತದೆ. ಒಮ್ಮೆ ಮರೆತದ್ದು ಎರಡು ಬಾರಿ ಮರೆತಂತೆ.

ಆದುದರಿಂದ ಈ ಕೆಲಸ ಕಂಪ್ಯೂಟರಿನ ಮುಂದೆಯೇ ಮುಗಿಯದು. ಊರಿನ ಕಲಾವಿದೆಯ ಪ್ರದರ್ಶನವನ್ನು ಪತ್ರಿಕೆ ವಿಮರ್ಶಿಸಬೇಕು. ಅದರ ಪುಸ್ತಿಕೆ ಅಚ್ಚಾಗಬೇಕು. ಅದರ ಒಂದು ಪ್ರತಿ ಪುಸ್ತಕಾಲಯವನ್ನು ಸೇರಬೇಕು. ಮುಂದೆಂದೋ ಆಕೆಯ ಹೆಸರನ್ನು ಹುಡುಕಿಕೊಂಡು ಬಂದವರಿಗೆ ಕಪಾಟಿನಲ್ಲಿ ಏನಾದರೂ ಸಿಕ್ಕಬೇಡವೇ?