ಇಲಿಯ ಹೆರಿಗೆಯೂ ಡ್ರಾಯರಿನ ಮಾತ್ರೆಯೂ

ನಮ್ಮ ಬ್ರಾಂಚಿನ ಹೆಂಗಸರ ಕೋಣೆಯ ಡ್ರಾಯರಿನಲ್ಲಿ ಮೂರು ಸಾಮಾನು ಸದಾ ಇರುತ್ತವೆ. ಸೇಫ್ಟಿ ಪಿನ್ನು, ವಿಕ್ಸ್ ಡಬ್ಬಿ, ಮೆಫೆನಾಮಿಕ್ ಆಸಿಡ್ ಮಾತ್ರೆಯ ಒಂದು ಪಟ್ಟಿ. ಮೂರನೆಯದು ಮುಟ್ಟಿನ ಹೊಟ್ಟೆನೋವಿಗೆ. ಮುಂಬಯಿಯ ಲೋಕಲ್‌ನಲ್ಲಿ ನಿಂತು ಬಂದು, ಕ್ಯಾಶ್ ಕೌಂಟರಿನಲ್ಲಿ ಕೂತು ನೋಟು ಎಣಿಸುವವರಿಗೆ ಅದು ಎಂಥ ಉಪಕಾರ ಅಂತ ಗಂಡಸರಿಗೆ ತಿಳಿಸಿ ಹೇಳುವುದು ಕಷ್ಟ ಬಿಡಿ.

ಹೋದ ತಿಂಗಳು ಏಳು ತಿಂಗಳ ಬಸುರಿ ಹುಡುಗಿಯೊಬ್ಬಳು ಸೊಂಟನೋವು ಅಂತ ಅದೇ ಪಟ್ಟಿಗೆ ಕೈ ಹಾಕಿದಳು. ಬೇಡಮ್ಮ ಅಂದೆ. "ನೋವಿನ ಮಾತ್ರೆ ತಾನೇ ಮೇಡಂ?" ಅಂದಳು. ನಾನು ಬಿ.ಕಾಂ. ಓದಿದವಳು, ಡಾಕ್ಟರಲ್ಲ. ಆದರೂ ಈ ವಿಷಯವನ್ನು ಕುತೂಹಲಕ್ಕೆ ಓದಿಕೊಂಡಿದ್ದೆ.

1930ರಲ್ಲಿ ನ್ಯೂಯಾರ್ಕಿನ ಕುರ್ಜ್‌ರೋಕ್ ಮತ್ತು ಲೀಬ್ ಎಂಬ ಇಬ್ಬರು ಗರ್ಭಕೋಶದ ಸ್ನಾಯುವಿನ ತುಣುಕಿನ ಮೇಲೆ ವೀರ್ಯ ಹಾಕಿ ನೋಡಿದರು. ತುಣುಕು ಕೆಲವೊಮ್ಮೆ ಬಿಗಿಯಿತು, ಕೆಲವೊಮ್ಮೆ ಸಡಿಲವಾಯಿತು. ಅದರಲ್ಲಿದ್ದ ವಸ್ತುವಿಗೆ ಸ್ವೀಡನ್ನಿನ ಫಾನ್ ಆಯ್ಲರ್, ಪ್ರಾಸ್ಟೇಟ್ ಗ್ರಂಥಿಯಿಂದ ಬರುತ್ತದೆಂದು ತಿಳಿದು, ಪ್ರಾಸ್ಟಗ್ಲಾಂಡಿನ್ ಅಂತ ಹೆಸರಿಟ್ಟರು. (ಹೆಸರು ಗಂಡಸಿನ ಗ್ರಂಥಿಯದು, ಹೊಟ್ಟೆನೋವು ನಮ್ಮದು!) ಅದು ಮೈಯ ಎಷ್ಟೋ ಕಡೆ ತಯಾರಾಗುತ್ತದೆ ಅಂತ ಆಮೇಲೆ ಗೊತ್ತಾಯಿತು. ಮುಟ್ಟಿನ ಹೊತ್ತಿಗೆ ಗರ್ಭಕೋಶದ ಒಳಪದರದಲ್ಲಿ ಅದು ಹೆಚ್ಚಾದರೆ ಸ್ನಾಯು ಜೋರಾಗಿ ಹಿಂಡುತ್ತದೆ, ರಕ್ತದ ಹರಿವು ಕಡಿಮೆಯಾಗಿ ನೋವು ಬರುತ್ತದೆ. "ಎಲ್ಲ ಮನಸ್ಸಿನದ್ದು" ಅಂತ ನಮ್ಮ ಕಾಲದಲ್ಲಿ ಹೇಳುತ್ತಿದ್ದರಲ್ಲ, ಆ ನೋವು.

ಆಸ್ಪಿರಿನ್ 1899ರಿಂದ ಮಾರಾಟದಲ್ಲಿದ್ದರೂ ಅದು ಹೇಗೆ ಕೆಲಸ ಮಾಡುತ್ತದೆ ಅನ್ನುವುದನ್ನು ಇಂಗ್ಲೆಂಡಿನ ಜಾನ್ ವೇನ್ ತೋರಿಸಿದ್ದು 1971ರಲ್ಲಿ. ಅದು ಪ್ರಾಸ್ಟಗ್ಲಾಂಡಿನ್ ತಯಾರಾಗುವುದನ್ನೇ ತಡೆಯುತ್ತದೆ. 1982ರಲ್ಲಿ ಅವರಿಗೆ ಇನ್ನಿಬ್ಬರ ಜೊತೆ ನೊಬೆಲ್ ಬಂತು. ಐಬುಪ್ರೊಫೆನ್, ಡೈಕ್ಲೊಫೆನಾಕ್, ನಮ್ಮ ಡ್ರಾಯರಿನ ಮೆಫೆನಾಮಿಕ್ ಎಲ್ಲವೂ ಅದೇ ವಂಶ.

ಮರುವರ್ಷವೇ, 1972ರಲ್ಲಿ, ಏಕನ್ ಎಂಬ ವಿಜ್ಞಾನಿ ತುಂಬು ಬಸುರಿ ಇಲಿಗಳಿಗೆ ಆಸ್ಪಿರಿನ್ ಮತ್ತು ಇಂಡೊಮೆಥಾಸಿನ್ ಕೊಟ್ಟು ನೋಡಿದರು. ಹೆರಿಗೆ ಎಳೆದುಕೊಂಡು ಹೋಯಿತು. ಮರಿಯನ್ನು ಹೊರದೂಡುವ ಹಿಡಿತಕ್ಕೂ ಅದೇ ಪ್ರಾಸ್ಟಗ್ಲಾಂಡಿನ್ ಬೇಕಲ್ಲ! ಹಸುಗಳಲ್ಲೂ ಕರು ಹಾಕುವ ಮುನ್ನ ಇದೇ ವಂಶದ ಫ್ಲುನಿಕ್ಸಿನ್ ಕೊಟ್ಟಾಗ ಸತ್ತ ಕರು ಹುಟ್ಟುವುದು ಹೆಚ್ಚಾಯಿತು. ಇದೇ ಗುಣವನ್ನು ಡಾಕ್ಟರುಗಳು ಉಪಯೋಗಿಸಿಕೊಳ್ಳುವುದೂ ಉಂಟು. ದಿನ ತುಂಬುವ ಮೊದಲೇ ನೋವು ಶುರುವಾದರೆ ಕೆಲವರಿಗೆ ಇಂಡೊಮೆಥಾಸಿನ್ ಕೊಟ್ಟು ಒಂದೆರಡು ದಿನ ತಡೆಯುತ್ತಾರೆ, ಆಸ್ಪತ್ರೆಯಲ್ಲಿಟ್ಟುಕೊಂಡು.

ನನಗೆ ಗಾಬರಿಯಾದದ್ದು ಹೆರಿಗೆ ತಡವಾಗುವುದಕ್ಕಿಂತ ಮಗುವಿನ ಬಗ್ಗೆ. ಹೊಟ್ಟೆಯೊಳಗಿನ ಮಗುವಿನ ಹೃದಯದ ಬಳಿಯ ಒಂದು ರಕ್ತನಾಳ ತೆರೆದಿರಲು ಪ್ರಾಸ್ಟಗ್ಲಾಂಡಿನ್ ಬೇಕು. ಕೊನೆಯ ತಿಂಗಳುಗಳಲ್ಲಿ ಈ ಮಾತ್ರೆ ತಿಂದರೆ ಅದು ಅವಧಿಗೆ ಮುಂಚೆಯೇ ಕಿರಿದಾಗಬಹುದು. ಮಗುವಿನ ಕಿಡ್ನಿಗೆ ತೊಂದರೆಯಾಗಿ ಗರ್ಭದ ನೀರೂ ಕಡಿಮೆಯಾಗಬಹುದು. 20 ವಾರದ ನಂತರ ಇವನ್ನು ತೆಗೆದುಕೊಳ್ಳಬೇಡಿ ಅಂತ ಅಮೆರಿಕದ ಔಷಧ ಇಲಾಖೆ 2020ರಲ್ಲಿ ಎಚ್ಚರಿಸಿತು. ಡಾಕ್ಟರೇ ಬರೆದುಕೊಟ್ಟ ಕಡಿಮೆ ಡೋಸಿನ ಆಸ್ಪಿರಿನ್ ಬೇರೆ ಮಾತು.

ಹಾಗಂತ ಮುಟ್ಟಿನ ನೋವನ್ನು ಹಲ್ಲು ಕಚ್ಚಿ ಸಹಿಸಿ ಅಂತ ನಾನು ಹೇಳುತ್ತಿಲ್ಲ. ಅಲ್ಸರ್, ಕಿಡ್ನಿ ತೊಂದರೆ ಇದ್ದವರು ಡಾಕ್ಟರನ್ನು ಕೇಳಲೇಬೇಕು. ಮಿಕ್ಕವರಿಗೆ ಒಂದು ಕಿವಿಮಾತು. ಮಾತ್ರೆ ಹೊಸದಾಗಿ ಪ್ರಾಸ್ಟಗ್ಲಾಂಡಿನ್ ಆಗುವುದನ್ನು ತಡೆಯುತ್ತದೆ, ಆಗಲೇ ಆಗಿರುವುದನ್ನು ಅಳಿಸುವುದಿಲ್ಲ. ಆದ್ದರಿಂದ ನೋವು ತಲೆಗೇರುವ ತನಕ ಕಾಯದೆ, ಶುರುವಿನಲ್ಲೇ, ಏನಾದರೂ ತಿಂದು ತೆಗೆದುಕೊಂಡರೆ ಚೆನ್ನಾಗಿ ಹಿಡಿಯುತ್ತದೆ.