ಒಪ್ಪಿಸುವುದು ಅಂದರೆ

ನಮ್ಮ ಕೇರಿಯಲ್ಲಿ ಬಿ.ಎ. ಮುಗಿಸಿದವರಲ್ಲಿ ನಾನೇ ಮೊದಲು. ಹೋಟೆಲಿನಲ್ಲಿ ಎಲ್ಲರಿಗೂ ಕೊಡುವ ಲೋಟದಲ್ಲೇ ಟೀ ಕೊಡು ಎಂದು ಕೇಳಿದ್ದಕ್ಕೆ ಚಿಕ್ಕಪ್ಪ ಏಟು ತಿಂದ. ಕೇಸು ಆಯಿತು. ಮೂರನೇ ದಿನ ಯಜಮಾನರು ಹೇಳಿ ಕಳಿಸಿದರು. ಜಗಲಿ ಮೇಲೆ ಅವರು, ಅಂಗಳದಲ್ಲಿ ನಾನು.

'ನೀನು ಓದಿದೋನು. ನಿಮ್ಮೋರನ್ನ ಕನ್ವಿನ್ಸ್ ಮಾಡು. ಕೇಸು ವಾಪಸ್ ತಗೊಳ್ಳಲಿ.'

ಹತ್ತನೇ ಕ್ಲಾಸು ದಾಟದ ಬಾಯಲ್ಲಿ ಆ ಇಂಗ್ಲಿಷ್ ಮಾತು ಎಷ್ಟು ಸಲೀಸಾಗಿ ಬಂತು!

ಕಾಲೇಜಿನಲ್ಲಿ ಮೇಷ್ಟ್ರು ಹೇಳಿದ್ದು ನೆನಪಿದೆ. ಒಂದು ಮಾತು ನಿಜ ಎಂದು ಇನ್ನೊಬ್ಬನ ಬುದ್ಧಿಗೆ ಗೊತ್ತಾಗುವಂತೆ ಮಾಡಿದರೆ ಅದು ಕನ್ವಿನ್ಸ್. ಕೆಲಸಕ್ಕೆ ಮನಸ್ಸು ತಿರುಗಿಸಿದರೆ ಪರ್ಸುವೇಡ್. ಇಂಗ್ಲಿಷಿನವರೇ ಈಗ ಈ ಗೆರೆಯನ್ನು ಅಷ್ಟಾಗಿ ಕಾಯುವುದಿಲ್ಲ. ಯಜಮಾನರಿಗೂ ಬೇಕಿರಲಿಲ್ಲ. ನಮ್ಮವರು ಏನನ್ನು ನಂಬಿದರೂ ಸರಿ, ರಾಜಿ ಪತ್ರಕ್ಕೆ ಹೆಬ್ಬೆಟ್ಟು ಬಿದ್ದರೆ ಸಾಕಿತ್ತು.

ಮನೆಗೆ ಬಂದು ನಿಘಂಟು ತೆಗೆದೆ. ಆ ಪದದ ಬೇರು ಲ್ಯಾಟಿನ್ನಿನಲ್ಲಿ, 'ಗೆಲ್ಲು', 'ಸೋಲಿಸು' ಎಂಬ ಅರ್ಥದಲ್ಲಿದೆ. ಅಪರಾಧಿ ಎನ್ನುವ 'ಕನ್ವಿಕ್ಟ್' ಕೂಡ ಅದೇ ಹೊಟ್ಟೆಯಲ್ಲಿ ಹುಟ್ಟಿದ್ದು. ಏಟು ತಿಂದವನನ್ನೇ ಸೋಲಿಸಿ ಬಾ ಎಂದು ನನ್ನನ್ನು ಕಳಿಸಿದ್ದರು. ಪದವಿ ಪಡೆದದ್ದು ಈ ದಲ್ಲಾಳಿ ಕೆಲಸಕ್ಕೋ?

ಸಂಜೆ ಚಿಕ್ಕಪ್ಪ ಕೇಳಿದ, 'ಏನಂತೆ?'

'ನಿನ್ನ ಒಪ್ಪುಸ್ಬೇಕಂತೆ.'

'ಯಾರಿಗ್ಲಾ?'

ನಿಘಂಟಿನಲ್ಲಿ ಸಿಗದ್ದು ಅವನ ಒಂದು ಮಾತಿನಲ್ಲಿ ಸಿಕ್ಕಿತು. ಕನ್ನಡದಲ್ಲಿ ಒಪ್ಪಿಸುವುದು ಅಂದರೆ ಹೂಂ ಅನ್ನಿಸುವುದೂ ಹೌದು, ಹಿಡಿದು ಇನ್ನೊಬ್ಬರ ಕೈಗೆ ಕೊಡುವುದೂ ಹೌದು. ಕಳ್ಳನನ್ನು ಪೊಲೀಸರಿಗೆ ಒಪ್ಪಿಸುತ್ತೇವಲ್ಲ, ಹಾಗೆ.

1936ರಲ್ಲಿ ಲಾಹೋರಿನ ಜಾತ್-ಪಾತ್-ತೋಡಕ್ ಮಂಡಲವೂ ಬಾಬಾಸಾಹೇಬರನ್ನು ಒಪ್ಪಿಸಲು ನೋಡಿತ್ತು. ಅಧ್ಯಕ್ಷ ಭಾಷಣಕ್ಕೆ ಕರೆದವರೇ ಅದರ ಕೆಲವು ಭಾಗ ಬಿಡಿ ಎಂದರು. ಜಾತಿ ಮುರಿಯಲು ಹೊರಟವರ ಧೈರ್ಯ ಅಷ್ಟಕ್ಕೇ ಮುಗಿದಿತ್ತು. ಒಂದು ಅಲ್ಪವಿರಾಮವನ್ನೂ ಬದಲಿಸುವುದಿಲ್ಲ ಎಂದರು ಬಾಬಾಸಾಹೇಬರು. ಸಮ್ಮೇಳನ ರದ್ದಾಯಿತು. ಮಾಡದ ಆ ಭಾಷಣವನ್ನು ಅವರು ತಾವೇ ಅಚ್ಚು ಹಾಕಿಸಿದರು. ಅದೇ 'ಜಾತಿ ವಿನಾಶ'.

ನಾನು ಮತ್ತೆ ಆ ಜಗಲಿಯ ಕಡೆ ಹೋಗಲಿಲ್ಲ. ಕೇಸು ಕೋರ್ಟಿನಲ್ಲಿದೆ. ವಾಯಿದೆಯ ದಿನ ಚಿಕ್ಕಪ್ಪನ ಜೊತೆ ಮೊದಲ ಬಸ್ಸಿಗೆ ಹೋಗುತ್ತೇನೆ. ಅವನ ಕೂಲಿಯೂ ಹೋಗುತ್ತದೆ, ನನ್ನದೂ. ಹೋಟೆಲಿನವನನ್ನು ಕನ್ವಿನ್ಸ್ ಮಾಡಿ ಅಂತ ಆ ಯಜಮಾನರಿಗೆ ಇವತ್ತಿನವರೆಗೂ ಊರಲ್ಲಿ ಯಾರೂ ಹೇಳಿಲ್ಲ.