ಹತ್ತು ಗ್ಯಾಲನ್ ನೀರು ಎಲ್ಲಿಂದ ಬಂತು?

ಡಂಜನ್ಸ್ ಅಂಡ್ ಡ್ರಾಗನ್ಸ್ ಗೊತ್ತಿಲ್ಲದವರಿಗೆ ಮೊದಲು ಎರಡು ಮಾತು. ಟೇಬಲ್ ಸುತ್ತ ನಾಲ್ಕೈದು ಜನ ಕೂರ್ತೀವಿ, ಒಬ್ಬ ಕಥೆ ನಡೆಸ್ತಾನೆ, ಉಳಿದವರು ಪಾತ್ರ ಆಗ್ತಾರೆ, ಇಪ್ಪತ್ತು ಮುಖದ ದಾಳ ಹಣೆಬರಹ ಬರೆಯುತ್ತೆ. ಕಥೆ ನಡೆಯೋ ಲೋಕಕ್ಕೆ ಸೆಟ್ಟಿಂಗ್ ಅಂತಾರೆ.

2014ರಲ್ಲಿ ಐದನೇ ಆವೃತ್ತಿ ಬಂದ ಮೇಲೆ ಹಳೇ ಲೋಕಗಳನ್ನ ಒಂದೊಂದಾಗಿ ಅಟ್ಟದಿಂದ ಇಳಿಸಿದರು. 2016ರಲ್ಲಿ ರೇವನ್‌ಲಾಫ್ಟ್, 2019ರಲ್ಲಿ ಎಬೆರಾನ್, 2022ರಲ್ಲಿ ಸ್ಪೆಲ್‌ಜಾಮರ್, ಡ್ರಾಗನ್‌ಲ್ಯಾನ್ಸ್, 2023ರಲ್ಲಿ ಪ್ಲೇನ್‌ಸ್ಕೇಪ್. ಸ್ಪೆಲ್‌ಜಾಮರ್‌ನಲ್ಲಿ ಆಕಾಶದ ಹಡಗುಗಳ ಚಿತ್ರ ಚೆಂದ ಇವೆ, ಹಡಗು ಹಡಗು ಹೊಡೆದಾಡೋ ನಿಯಮ ಹುಡುಕಿದರೆ ಮಾತ್ರ ಕೈಗೆ ಹೆಚ್ಚೇನೂ ಸಿಗಲ್ಲ.

ನನಗೆ ಬೇಕಿದ್ದ ಲೋಕ ಆ ಸಾಲಲ್ಲೇ ಇರಲಿಲ್ಲ. ಡಾರ್ಕ್ ಸನ್, 1991ರದ್ದು. ಸುಟ್ಟ ನೆಲ, ದೇವರುಗಳಿಲ್ಲ, ಕಬ್ಬಿಣ ಸಿಗೋದೇ ಅಪರೂಪ, ಕತ್ತಿಯೂ ಮೂಳೆಯದ್ದು. ಮಾಂತ್ರಿಕ ಮಂತ್ರ ಹಾಕಿದರೆ ಸುತ್ತಲ ಗಿಡಗಳ ಜೀವ ಹೀರಿ ಮಣ್ಣು ಬೂದಿಯಾಗುತ್ತೆ. ಮೊದಲನೇದು ಸಾಯೋ ಸಾಧ್ಯತೆಯೇ ಜಾಸ್ತಿ, ಅದಕ್ಕೆ ಒಬ್ಬೊಬ್ಬರೂ ನಾಲ್ಕು ಪಾತ್ರ ಮಾಡಿಟ್ಟುಕೊಳ್ಳಬೇಕು. ಗುಲಾಮಗಿರಿಯೂ ತುಂಬಿದೆ, ಈ ಕಾಲದಲ್ಲಿ ಅದನ್ನ ಮಾರೋದು ಕಷ್ಟ ಅನ್ನೋದು ಅರ್ಥವಾಗುತ್ತೆ.

ಚಳ್ಳಕೆರೆ ಕಡೆಯವನಿಗೆ ಇದು ಫ್ಯಾಂಟಸಿ ಅನ್ನಿಸಲಿಲ್ಲ, ಬಿಡಿ. ರಾಜ್ಯದಲ್ಲೇ ತೀರಾ ಕಡಿಮೆ ಮಳೆ ಬೀಳೋ ತಾಲ್ಲೂಕುಗಳಲ್ಲಿ ನಮ್ಮದೊಂದು. ಅದಕ್ಕೆ ನಾನೇ ಡಾರ್ಕ್ ಸನ್‌ನ ನಮ್ಮ ಸೀಮೆಗೆ ಎಳಕೊಂಡು ಬಂದೆ. ಮೊಳಕಾಲ್ಮೂರಿನ ಬ್ರಹ್ಮಗಿರಿಯ ಅಶೋಕನ ಶಾಸನದಲ್ಲಿ ಇಸಿಲ ಅನ್ನೋ ಊರಿನ ಹೆಸರಿದೆಯಲ್ಲ, ಅದೇ ನನ್ನ ಪಾಳುನಗರ. ಅಮೃತಮಹಲ್ ಕಾವಲು ದಾಟಿ ಅಲ್ಲಿಗೆ ನಡೀಬೇಕು.

ತೊಡಕು ಬಂದಿದ್ದು ಹೊಸ ನಿಯಮಗಳಿಂದ. ಐದನೇ ಆವೃತ್ತಿಯಲ್ಲಿ ಮೊದಲನೇ ಲೆವೆಲ್ಲಿಗೇ ಒಂದು ಮಂತ್ರ ಸಿಗುತ್ತೆ: ಹಾಕಿದರೆ ಹತ್ತು ಗ್ಯಾಲನ್, ಅಂದ್ರೆ ಸುಮಾರು 38 ಲೀಟರ್ ನೀರು. ಬಾಯಾರಿಕೆಯೇ ಇಲ್ಲದ ಮರುಭೂಮಿ ಕಟ್ಟಿಕೊಂಡು ಏನ್ ಮಾಡೋದು? ಲೆಗಸಿ ಕೋಡ್ ಪೋರ್ಟ್ ಮಾಡಿದವರಿಗೆ ಗೊತ್ತಿರುತ್ತೆ, ಸ್ಕ್ರೀನ್‌ಗಳೆಲ್ಲ ಹಾಗೇ ಬರ್ತವೆ, ಹಳೇ ಸಿಸ್ಟಮ್ಮಿನ ಒಂದು ಮಿತಿ ಮಾತ್ರ ಕಳೆದುಹೋಗಿರುತ್ತೆ. ಎಲ್ಲಾ ಇದ್ದದ್ದು ಆ ಮಿತಿಯಲ್ಲೇ.

ಬಹಳ ಜನ ಆ ಮಂತ್ರವನ್ನ ಬ್ಯಾನ್ ಮಾಡ್ತಾರೆ. ನಾನು ಇರಲಿ ಅಂದೆ. ನೀರು ಮಾತ್ರ ಹತ್ತಿರದ ಬಾವಿಯಿಂದ ಬರುತ್ತೆ. ಇದನ್ನ ಆಡುವವರಿಗೆ ಹೇಳಲಿಲ್ಲ.

ಮೂರು ದಿನದ ದಾರಿ ನಮ್ಮ ಡ್ರೂಯಿಡ್ ಮಂತ್ರ ಹಾಕಿದ್ದೇ ಹಾಕಿದ್ದು. ಚರ್ಮದ ಚೀಲ ತುಂಬಿದರು, ಮುಖ ತೊಳೆದರು, ಎತ್ತಿನ ಮೈಯನ್ನೂ ತೊಳೆದರು. ನಾಲ್ಕನೇ ದಿನ ಒಂದು ಹಟ್ಟಿ ಸಿಕ್ತು. ಜನ ಕುರಿ ಹೊಡ್ಕೊಂಡು ಗುಳೆ ಹೊರಟಿದ್ದಾರೆ. ಬಾವಿ ಮೂರು ದಿನದಿಂದ ಬತ್ತಿದೆ. ಒಬ್ಬಳು ಅಜ್ಜಿ ಇವರ ಚೀಲ ನೋಡಿ, "ಇಷ್ಟು ನೀರು ಎಲ್ಲಿ ಸಿಕ್ತಪ್ಪಾ?" ಅಂದಳು.

ಟೇಬಲ್ಲಲ್ಲಿ ಯಾರೂ ಮಾತಾಡಲಿಲ್ಲ. ಆಮೇಲೆ ಡ್ರೂಯಿಡ್ ಆಗಿದ್ದವನು, ಹುಟ್ಟಿದ್ದು ಬೆಳೆದಿದ್ದು ಜಯನಗರ, ಸಿಟ್ಟಾದ. "ಮೋಸ ಮಗಾ ಇದು. ರೂಲ್ ಬುಕ್ಕಲ್ಲಿ ಎಲ್ಲಿದೆ?"

"ಬೋರ್ ಹಾಕ್ಸೋರಿಗೂ ಯಾರೂ ಹೇಳಲ್ಲ ಮಗಾ."

ನಮ್ಮ ಹೊಲದ ಬೋರಿಗೆ ನೀರು ಬಿದ್ದ ವರ್ಷವೇ ಪಕ್ಕದ ಹೊಲದ ದೊಡ್ಡಪ್ಪನ ಸೇದೋ ಬಾವಿ ಬತ್ತಿತು. ನಮ್ಮ ನೀರಲ್ಲಿ ಬೆಳೆದ ಶೇಂಗಾ ಮಂಡಿಗೆ ಹೋಯ್ತು, ಅದೇ ದುಡ್ಡು ನನ್ನ ಬಿಇ ಫೀಸಾಯ್ತು. ದೊಡ್ಡಪ್ಪ ಒಂದು ಮಾತೂ ಆಡಲಿಲ್ಲ. ಈಗಲೂ ಊರಿಗೆ ಹೋದರೆ ನನ್ನ ಸಂಬಳ ಎಷ್ಟು ಅಂತ ಖುಷಿಯಿಂದಲೇ ಕೇಳ್ತಾನೆ.

ಅವತ್ತು ಎರಡು ತಾಸು ಜಗಳವೇ ಆಯ್ತು, ದಾಳ ಮುಟ್ಟಲಿಲ್ಲ. ಕೊನೆಗೆ ಚೀಲಗಳನ್ನೆಲ್ಲ ಅಜ್ಜಿಯ ಹಟ್ಟಿಗೆ ಕೊಟ್ಟರು. ಮುಂದಿನ ಭಾನುವಾರ ಜಯನಗರದವನು ಎಕ್ಸೆಲ್ ಶೀಟ್ ಮಾಡ್ಕೊಂಡು ಬಂದಿದ್ದ. ಮಂತ್ರ ಹಾಕದೆ ಇಸಿಲಕ್ಕೆ ಹೋಗಬೇಕಾದರೆ ತಲೆಗೆಷ್ಟು ನೀರು, ಎತ್ತಿಗೆಷ್ಟು, ರಾತ್ರಿ ನಡೆದರೆ ಎಷ್ಟು ಉಳಿಯುತ್ತೆ ಅಂತ. ಒಂದು ಎತ್ತು ಮಾರಬೇಕಾಗುತ್ತೆ ಅಂದ. ಯಾವುದನ್ನ ಅನ್ನೋದು ಇನ್ನೂ ತೀರ್ಮಾನ ಆಗಿಲ್ಲ.